ಗುಬ್ಬಿಯ ಕಿಟಕಿ

ಮಾರ್ಚ್ ೧೪
ಪ್ರಯೋಗಾಲಯದಿಂದ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಹೋದ ತಿಂಗಳೇ ಬರುತ್ತೇನೆ ಎಂದವಳು ನಾಪತ್ತೆಯಾದೆ, ಕ್ಷಮಿಸು. "ಲ್ಯಾಬ್ ಒಂದಿದ್ರೆ ಅವಳಿಗೆ ಊಟಾನೂ ಬೇಡ, ಅಕ್ಕನೂ ಬೇಡ" ಎಂದು ನೀನು ಭಾವನ ಮುಂದೆ ಗೊಣಗಿದ್ದು ನನ್ನ ಕಿವಿಗೂ ಬಿದ್ದಿದೆ. ಗೊಣಗು, ನಿನ್ನ ಹಕ್ಕು. ಆದರೆ ಈ ಸಲ ನಾನು ಬರಿಗೈಯಲ್ಲಿ ಬರುತ್ತಿಲ್ಲ.

ಮೊದಲು ಕೆಟ್ಟ ಸುದ್ದಿ ಹೇಳಿ ಮುಗಿಸುತ್ತೇನೆ. ನಿನ್ನ ಮಗಳು ಗುಬ್ಬಿಗೆ ಹಚ್ಚಬಹುದು ಎಂದು ನಾವೆಲ್ಲ ಕಾದಿದ್ದ ಆ ಮುಲಾಮು ಕೆಲಸಕ್ಕೆ ಬಾರದು. ಪರೀಕ್ಷೆ ಇಷ್ಟೇ: ಕೊಳವೆಯಲ್ಲಿ ಡಿಎನ್‌ಎ ದ್ರಾವಣ ತುಂಬಿ, ಹೊರಗೆ ಮುಲಾಮು ಸವರಿ, ಅತಿನೇರಳೆ ಕಿರಣದ ದೀಪದ ಕೆಳಗಿಡುವುದು. ಬಿಸಿಲಿನಲ್ಲೂ ಇರುವ ಆ ಕಿರಣ ಬಿದ್ದರೆ ಡಿಎನ್‌ಎಯ ಅಕ್ಕಪಕ್ಕದ ಎರಡು ತುಣುಕುಗಳು ಅಂಟಿಕೊಳ್ಳುತ್ತವೆ, ಜಿಪ್ಪಿನ ಎರಡು ಹಲ್ಲು ಅಂಟಿಕೊಂಡ ಹಾಗೆ. ಆಮೇಲೆ ಜಿಪ್ಪು ಸರಿಯುವುದಿಲ್ಲ. ನಿನ್ನ ನನ್ನ ಚರ್ಮ ಅಂಥ ಹಲ್ಲುಗಳನ್ನು ತಾನೇ ಕಿತ್ತು ಹೊಸದು ಕೂರಿಸುತ್ತದೆ. ಗುಬ್ಬಿಯ ಚರ್ಮಕ್ಕೆ ಹುಟ್ಟಿನಿಂದಲೇ ಆ ರಿಪೇರಿ ಬಾರದು. ಅದಕ್ಕೇ ತಾನೆ ಹಗಲೆಲ್ಲ ಕಿಟಕಿಗೆ ಆ ಕಪ್ಪು ಪರದೆ. ಮುಲಾಮು ಸವರಿದ ಕೊಳವೆಗಳಲ್ಲಿ ಒಂದು ಹಲ್ಲೂ ಅಂಟಿರಲಿಲ್ಲ. ನನ್ನ ಸಹೋದ್ಯೋಗಿ, ನಾವೆಲ್ಲ ಗಡಿಬಿಡಿ ಎಂದು ಕರೆಯುವ ಮನುಷ್ಯ, ಕುಣಿದಾಡಿಬಿಟ್ಟ.

ನನಗೆ ಮಾತ್ರ ಏನೋ ಅನುಮಾನ. ಮುಲಾಮು ಸವರದೆ ಇಟ್ಟಿದ್ದ ಕೊಳವೆಯನ್ನೂ ನೋಡಿದೆ. ಅದರಲ್ಲೂ ಏನೂ ಆಗಿಲ್ಲ!

"ಯಾವ ಕೊಳವೆ ತಗೊಂಡ್ರಿ?" ಎಂದೆ.

"ತೊಳೆದಿಟ್ಟಿದ್ರಲ್ಲ, ಮೇಲಿನ ಕಪಾಟಿಂದು."

"ಅಯ್ಯೋ ಮಾರಾಯ್ರೇ, ಅದು ಮಾಮೂಲಿ ಗಾಜು! ಕ್ವಾರ್ಟ್ಜ್ ಇರೋದು ಕೆಳಗಡೆ."

ಕಣ್ಣಿಗೆ ಎರಡೂ ಒಂದೇ. ಕ್ವಾರ್ಟ್ಜ್ ಆ ಕಿರಣವನ್ನು ಒಳಗೆ ಬಿಡುತ್ತದೆ, ಗಾಜು ಬಹುಪಾಲು ತಡೆಯುತ್ತದೆ. ನಮ್ಮ ಡಿಎನ್‌ಎಯನ್ನು ಕಾಪಾಡಿದ್ದು ಮುಲಾಮಲ್ಲ, ಗಾಜು. ಗಡಿಬಿಡಿ ತಲೆಯ ಮೇಲೆ ಕೈಹೊತ್ತು ಕೂತ. ನಾನು ಬೈದೆ, ಆಮೇಲೆ ನಕ್ಕೆ, ಆಮೇಲೆ ಇಬ್ಬರೂ ಎಲ್ಲ ಮೊದಲಿಂದ ಮಾಡಿದೆವು. ಮುಲಾಮು ಮಕಾಡೆ ಮಲಗಿತು.

ಆದರೆ ಗಾಜು ನನ್ನ ತಲೆಯಲ್ಲಿ ಉಳಿಯಿತು. ಗಾಜೇ ಇಷ್ಟು ತಡೆದರೆ, ಅದು ಬಿಟ್ಟುಬಿಡುವ ಅಷ್ಟಿಷ್ಟನ್ನು ಒಂದು ತೆಳ್ಳನೆಯ ಹಾಳೆ ತಡೆಯಲಾರದೇ? ಕಿಟಕಿಗೆ ಅಂಟಿಸುವ ಹಾಳೆಗಳನ್ನು ತರಿಸಿ, ಗಾಜಿಗೆ ಅಂಟಿಸಿ, ಒಂದೊಂದರ ಹಿಂದೆಯೂ ಡಿಎನ್‌ಎ ಇಟ್ಟು ನೋಡಿದೆ (ಕ್ವಾರ್ಟ್ಜ್ ಕೊಳವೆಯಲ್ಲೇ, ನಗಬೇಡ). ದೀಪದ ಕೆಳಗೂ ಇಟ್ಟೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಇಟ್ಟೆ. ಮನಸ್ಸಿಗೊಪ್ಪುವ ಹಾಳೆ ಕೊನೆಗೂ ಸಿಕ್ಕಿದೆ. ಗುಬ್ಬಿಯ ಡಾಕ್ಟರಮ್ಮ ನನ್ನ ಫಲಿತಾಂಶವನ್ನು ಕೆದಕಿ ಕೆದಕಿ ನೋಡಿ, "ಕಿಟಕಿ ಮುಚ್ಚೇ ಇರಲಿ, ಪರದೆ ತೆಗೀಬಹುದು" ಎಂದರು. ತಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿಗೂ ಬೇಕು ಎಂದಿದ್ದಾರೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಭಾನುವಾರ ನಾನೇ ಬಂದು ಅಂಟಿಸುತ್ತೇನೆ. ಭಾವ ಏಣಿ ಹಿಡಿದರೆ ಸಾಕು, ಸಲಹೆ ಬೇಡ. ಆ ಪರದೆಯನ್ನು ನೀನು ನೆಲ ಒರೆಸುವ ಬಟ್ಟೆ ಮಾಡಿಕೋ.

ಭಾವನಿಗೆ ನಮಸ್ಕಾರ. ಗುಬ್ಬಿಗೆ ಆಶೀರ್ವಾದ, ಎರಡೂ ಕೆನ್ನೆಗೆ ಮುತ್ತು. ಅವಳಿಗೆ ಒಳ್ಳೆಯದೇ ಆಗುತ್ತದೆ, ಬೇಕಾದರೆ ಬರೆದಿಟ್ಟುಕೋ.

ಇತಿ ನಿನ್ನ
ತಂಗಿ

ತಾ.ಕ.: ಕಿರಣ ತಡೆಯುವ ಬೇರೊಂದು ಹಾಳೆ ಹೋದ ತಿಂಗಳೇ ಸಿಕ್ಕಿತ್ತು, ಅಕ್ಕ. ಒಳಗಿಂದ ನೋಡಿದರೆ ಎಲ್ಲ ಕಾಣುತ್ತದೆ, ಹೊರಗಿನವರಿಗೆ ಬರೀ ಕನ್ನಡಿ. ಅದನ್ನು ಹಿಡಿದು ಹೊರಡುವ ಮುಂಚೆ ಫೋನಿನಲ್ಲಿ ಗುಬ್ಬಿಗೆ ಹೇಳಿದೆ: "ಬೀದೀಲಿ ಮಕ್ಕಳು ಆಡೋದನ್ನ ಇನ್ಮೇಲೆ ಹಗಲಲ್ಲೇ ನೋಡಬಹುದು ಕಣೇ." ಅವಳು ಕೇಳಿದಳು: "ಅವರಿಗೆ ನಾನು ಕಾಣ್ತೀನಾ ಚಿಕ್ಕಮ್ಮ? ಈ ಮನೇಲಿ ಮಕ್ಕಳೇ ಇಲ್ಲ ಅಂತ ಅವರು ಮಾತಾಡ್ಕೊಳ್ಳೋದು ನಂಗೆ ಕೇಳಿಸುತ್ತೆ." ಫೋನ್ ಇಟ್ಟು ಅತ್ತುಬಿಟ್ಟೆ. ಆ ಹಾಳೆಯನ್ನು ಅಂದೇ ವಾಪಸ್ ಕಳಿಸಿದೆ. ತಡವಾದದ್ದು ಅದಕ್ಕೆ. ಈಗ ತರುತ್ತಿರುವುದು ನೀರಿನಷ್ಟು ತಿಳಿ. ಅವಳಿಗೆ ಹೇಳು, ಕಾಣ್ತೀಯ ಅಂತ.