ಸೊನ್ನೆಯ ಎರಡು ಪಕ್ಕ

ತಂಗೀ,

ನೀನು ಹೋಗಿ ವರ್ಷವಾಯಿತು. ಓದುವವರಿಲ್ಲ ಎಂಬ ಧೈರ್ಯಕ್ಕೆ ನಿಜ ಬರೆಯುತ್ತಿದ್ದೇನೆ. ಎದುರಿಗಿದ್ದಿದ್ದರೆ ಇದಕ್ಕೂ ಒಂದು ಸುಳ್ಳು ಹೊಸೆಯುತ್ತಿದ್ದೆ.

ಇವತ್ತು ನಿನ್ನ ಮಗಳ ಪ್ರವೇಶ ಪರೀಕ್ಷೆ ಇತ್ತು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟ ಈ ಪಂಡಿತ, ನೀನು ಕಾಲೇಜಿನಲ್ಲಿ ಪಾಠ ಹೇಳಲು ಬರೆದಿಟ್ಟಿದ್ದ ಗಣಿತದ ನೋಟ್‌ಬುಕ್ ಹಿಡಿದು ತಿಂಗಳಿಡೀ ಅವಳಿಗೆ ಕಲಿಸಿದೆ. ಗ್ರಾಫ್ ಎಂದರೆ ಗುಡ್ಡದ ದಾರಿ, ಡೆರಿವೇಟಿವ್ ಎಂದರೆ ಆ ದಾರಿಯ ಏರು ಎಷ್ಟು ಕಡಿದು ಎಂಬ ಲೆಕ್ಕ, ಅದು ಸೊನ್ನೆಯಾದಲ್ಲಿ ಶಿಖರ ಇಲ್ಲವೇ ತಗ್ಗು ಎಂದೆ.

“ಎರಡೂ ಅಲ್ಲದೆ ಇರಬಹುದಲ್ವಾ ಮಾಮ?”

“ನಿಮ್ಮಮ್ಮಂಗೇ ಲೆಕ್ಕ ಕಲಿಸಿದವನು ಕಣೇ ನಾನು! ಸುಮ್ನೆ ಬರ್ಕೋ.”

ಪರೀಕ್ಷೆಯಲ್ಲಿ x³ − 3x² + 3x ಎಂಬ ಬಹುಪದೋಕ್ತಿ ಬಂತಂತೆ. ಡೆರಿವೇಟಿವ್ ಸೊನ್ನೆಯಾಗುವುದು x ಒಂದಾದಾಗ. ಅಲ್ಲಿ ಶಿಖರ ಎಂದು ಬರೆದಳಂತೆ. ಅವಳು ಹೇಳಿದ ಮೇಲೆ ಯಾಕೋ ಅಳುಕಿ ನೋಟ್‌ಬುಕ್ಕಿನ ಮುಂದಿನ ಪುಟ ತಿರುವಿದೆ. ಸೊನ್ನೆಯ ಎರಡೂ ಪಕ್ಕದಲ್ಲಿ ಡೆರಿವೇಟಿವ್‌ನ ಚಿಹ್ನೆ ನೋಡಬೇಕು, ಎರಡೂ ಪ್ಲಸ್ಸಾದರೆ ದಾರಿ ಅರೆಗಳಿಗೆ ಸಮತಟ್ಟಾಗಿ ಮತ್ತೆ ಏರುತ್ತದೆ ಎಂದು ನೀನೇ ಬರೆದಿದ್ದೀಯ. ಇಲ್ಲಿ ಎರಡೂ ಪ್ಲಸ್ಸೇ. ಶಿಖರವೂ ಇಲ್ಲ, ತಗ್ಗೂ ಇಲ್ಲ.

ಅದು ಹತ್ತು ಅಂಕದ ಪ್ರಶ್ನೆ. ಹೋದ ಸಲ ಅವಳಿಗೆ ಸೀಟು ತಪ್ಪಿದ್ದು ನಾಲ್ಕು ಅಂಕಕ್ಕೆ. ಇದೇ ಕೊನೆಯ ಅವಕಾಶ.

“ಸರಿ ಬರ್ದಿದೀನಿ ಅಲ್ವಾ ಮಾಮ?”

“ನನ್ನ ಶಿಷ್ಯೆ ತಪ್ಪು ಬರೀತಾಳಾ?” ಅಂದುಬಿಟ್ಟೆ.

ಈಗ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಾಳೆ. ನೀನು ಹೋದ ಮೇಲೆ ಈ ಮನೆಯಲ್ಲಿ ಅವಳು ಹಾಡಿದ್ದು ಇದೇ ಮೊದಲು. ನಾನು ಹೇಗೆ ಎದ್ದು ಅಡುಗೆಮನೆಗೆ ಹೋಗಲಿ, ಹೇಳೇ.