ಎರಡನೇ ಬಾಯಿ ಮಾತಾಡಿತು

ಅಕ್ಕಾ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಪೋಸ್ಟ್‌ಮ್ಯಾನ್ ಓದಿದರೆ ಓದಲಿ. ನಾನು ಚೆನ್ನಾಗಿದ್ದೇನೆ. ನಾನು ಕಥೆ ಓದಿ ರೆಕಾರ್ಡ್ ಮಾಡುವ ಇಲ್ಲಿಯ ಕೋಣೆಗೆ ಗೋಡೆ, ಚಾವಣಿಗೆಲ್ಲ ಸ್ಪಂಜು ಮೆತ್ತಿದ್ದಾರೆ. ಎಂಜಲು ನುಂಗಿದರೂ ಕೇಳುತ್ತದೆ. ಮಲ ಹೊರಬರಲೆಂದು ಡಾಕ್ಟರು ನನ್ನ ಹೊಟ್ಟೆಯಲ್ಲಿ ಮಾಡಿದ ತೂತನ್ನು ನೀನು ಎರಡನೇ ಬಾಯಿ ಎನ್ನುತ್ತೀಯಲ್ಲ, ಅದು ಮೇಲೆ ಅಂಟಿಸಿಕೊಂಡ ಚೀಲದೊಳಗೆ ಸದ್ದು ಮಾಡಿ ಮಾನ ಕಳೆದೀತೆಂದು ಊಟ, ನೀರು ಎರಡನ್ನೂ ಕಡಿಮೆ ಮಾಡಿದೆ. ಮಲ ಗಟ್ಟಿಯಾಗಿ ಎರಡು ದಿನ ಚೀಲ ಖಾಲಿ, ಹೊಟ್ಟೆ ಬಿಗಿ. ಕರುಳು ಕಟ್ಟಿಕೊಂಡಿತೇನೋ ಎಂದು ಜೀವ ಬಾಯಿಗೆ ಬಂತು. ನರ್ಸಮ್ಮನಿಗೆ ಫೋನ್ ಮಾಡಿದರೆ, "ನೀರು ಬಿಟ್ಟಿದ್ಯಾಕೆ? ಚೆನ್ನಾಗಿ ಕುಡೀರಿ, ಓಡಾಡಿ. ವಾಂತಿಯಾದ್ರೆ, ನೋವು ಜಾಸ್ತಿಯಾದ್ರೆ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ" ಎಂದು ಗದರಿದರು. ಕುಡಿದೆ, ಬೀದಿಯೆಲ್ಲ ಸುತ್ತಿದೆ.

ಇವತ್ತು ಬೆಳಿಗ್ಗೆ, ಕಥೆಯಲ್ಲಿ ರಾಜ ಸಾಯುವ ಹೊತ್ತಿಗೆ ಸರಿಯಾಗಿ ಅದು ಗುರ್ರೆಂದು ಬಾಯಿಬಿಟ್ಟಿತು. ಗಾಜಿನಾಚೆ ಕೂತ ರೆಕಾರ್ಡಿಂಗಿನವನು ಹೆಡ್‌ಫೋನ್ ಕಿತ್ತು, "ಸರ್, ಗುಡುಗಿತಾ?" ಎಂದ. "ಇಲ್ಲಪ್ಪಾ, ನನ್ನ ಹೊಟ್ಟೆ. ಒಂದ್ನಿಮಿಷ, ಬಂದೆ" ಎಂದು ಬಾತ್‌ರೂಮಿಗೆ ಓಡಿದೆ. ಚೀಲ ತುಂಬಿತ್ತು, ಅಕ್ಕಾ!

ಹೊಸ ಚೀಲ ಇನ್ನೂ ಎಂಟಿವೆ, ಕಳಿಸಬೇಡ. ರಾಜನನ್ನು ಮತ್ತೊಮ್ಮೆ ಸಾಯಿಸಬೇಕಂತೆ, ಕರೆಯುತ್ತಿದ್ದಾರೆ. ನಗು ಬಾರದಿದ್ದರೆ ಸಾಕು.

ನಿನ್ನ ತಮ್ಮ