ಮೊದಲ ಮಹಡಿಯ ಒಂಬತ್ತು ಇಂಚು

22-1-2001, ಸೋಮವಾರ. ಊಟಿ.

ಇತ್ತಲಾರ್‌ನಿಂದ ಬರುವ ಬಸ್ ಇಪ್ಪತ್ತು ನಿಮಿಷ ತಡ. ಚಳಿಗೆ ಎಂಜಿನ್ ಹತ್ತಲಿಲ್ಲ. ಆಫೀಸು ತಲುಪಿದಾಗ 9.50. ಮಹಾಲಿಂಗಂ ಸಾರ್ ಗಡಿಯಾರ ನೋಡಿದರು.

ಏಪ್ರಿಲ್‌ನಲ್ಲಿ ನಮ್ಮ ಕಟ್ಟಡ ನಕ್ಷೆಯ ಆಫೀಸು ಬೇರೆಡೆಗೆ. ಕಮರ್ಷಿಯಲ್ ರಸ್ತೆ, ಬ್ರಿಟಿಷರ ಕಾಲದ ಎರಡಂತಸ್ತಿನ ಕಟ್ಟಡ. ಕೆಳಗೆ ಉಲ್ಲನ್ ಅಂಗಡಿ, ಮೇಲೆ ನಾವು. ಫ್ಲೋರ್ ಪ್ಲಾನ್ ನನ್ನ ಕೆಲಸ.

"ಊರಿನವರ ಆಫೀಸೆಲ್ಲ ಬರೆದೆಯಲ್ಲಮ್ಮಾ, ಈಗ ನಮ್ಮದು ಬರಿ," ಎಂದರು. ಸಾರ್ ಹೇಳುವುದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಆಫೀಸಿನಲ್ಲಿ ಬೇರೆ ಯಾರಿಗೂ ಓದಲು ಬಾರದು—ಅದೂ ಒಂದು ಅನುಕೂಲ.

ಬೇಕಾದದ್ದು: ಸಾರ್ ಕ್ಯಾಬಿನ್. ಮೀಟಿಂಗ್ ರೂಮ್. ನಾಲ್ಕು ಕಂಪ್ಯೂಟರ್ ಟೇಬಲ್. ಟೈಪಿಸ್ಟ್ ತಂಗಮಣಿಗೆ ಒಂದು. ನಕ್ಷೆ ಇಡುವ ಬೀರು.

"ಭೋಜಣ್ಣನ ಡ್ರಾಯಿಂಗ್ ಬೋರ್ಡ್, ಸಾರ್?"

"ಜಾಗ ಇದ್ದರೆ ಹಾಕು. ಇಲ್ಲದಿದ್ದರೆ... ಅವರಿಗೂ ವಯಸ್ಸಾಯಿತು, ಅಲ್ಲವಾ?"

ಅಂದರೆ ಬೋರ್ಡಿಗೆ ಜಾಗವಿಲ್ಲದಿದ್ದರೆ ಭೋಜಣ್ಣನಿಗೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಬರೆದವರು. ನನಗೆ ಅಕ್ಷರ ಬರೆಯುವುದನ್ನು ಕಲಿಸಿದವರು. ಈಗ ನಾವು ಕಂಪ್ಯೂಟರಿನ ಆಟೋಕ್ಯಾಡ್‌ನಲ್ಲಿ ಬರೆದದ್ದನ್ನು ಪರಿಶೀಲಿಸಿ ಮೂಲೆಯ ಚೌಕದಲ್ಲಿ ಸೈನ್ ಹಾಕುವುದಷ್ಟೇ ಕೆಲಸ. ಅವರು ಇರಬೇಕೋ ಬೇಡವೋ ನಾನು ನಿರ್ಧರಿಸಬೇಕು. ಸಾರ್ ಅಲ್ಲ, ನಾನೂ ಅಲ್ಲ, ಅಳತೆ—ಹಾಗೆ ಅಂದುಕೊಂಡರೆ ಸುಲಭ.

24-1, ಬುಧವಾರ.

ಅಳತೆ. ಮೇಲೆ ಇನ್ನೂ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಬೀಗ. ಮಾಲೀಕ ಮೇಟ್ಟುಪಾಳಯಕ್ಕೆ ಹೋಗಿದ್ದಾನೆ, ಶನಿವಾರ ಬರುತ್ತಾನಂತೆ. ಸಾರ್‌ಗೆ ಶುಕ್ರವಾರವೇ ಪ್ರಿಂಟ್ ಬೇಕು, ಗಣರಾಜ್ಯೋತ್ಸವದ ರಜೆ ನಮಗಿಲ್ಲ.

ಉಲ್ಲನ್ ಅಂಗಡಿ ಅಳೆದೆ. ಗೋಡೆಯ ದಪ್ಪ 18 ಇಂಚು. ಹೊರಗಿನಿಂದ ಮೇಲಿನ ಕಿಟಕಿಗಳನ್ನು ಲೆಕ್ಕ ಹಾಕಿದೆ, ಕೆಳಗಿನವುಗಳ ನೇರಕ್ಕೇ ಇವೆ. ಕೆಳಗಿನ ಮಹಡಿ ಬರೆದು, ಕಾಪಿ ಮಾಡಿ, ಮೊದಲ ಮಹಡಿ ಎಂದು ಹೆಸರಿಟ್ಟೆ. ಅಂಗಡಿ ಬಾಗಿಲು ಅಳಿಸಿದೆ. ಹತ್ತು ನಿಮಿಷ.

ಬಸ್ಸಿನಲ್ಲಿ ರಷ್ಯನ್ ಕಾದಂಬರಿ, ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ ಕೊಂಡ ಅನುವಾದ. ಪುಟ 112ರಲ್ಲಿ ಗಾಯವಾಗುವುದು ಎಡಗೈಗೆ, 130ರಲ್ಲಿ ಪಟ್ಟಿ ಬಲಗೈಗೆ. ಅನುವಾದಕರ ಅವಸರ. ಪೆನ್ಸಿಲ್‌ನಲ್ಲಿ ತಿದ್ದಿದೆ.

25-1, ಗುರುವಾರ.

ಬೋರ್ಡ್ ಕೂರುತ್ತಿಲ್ಲ. ಐದಡಿ ಬೋರ್ಡ್, ಹಿಂದೆ ಸ್ಟೂಲ್, ಪಕ್ಕದಲ್ಲಿ ಮೂರಡಿ ದಾರಿ. ಏಳು ಇಂಚು ಸಾಲದು. ಬೀರು ತಿರುಗಿಸಿದೆ. ತಂಗಮಣಿಯನ್ನು ಕಿಟಕಿಗೆ ಸರಿಸಿದೆ. ನನ್ನ ಟೇಬಲ್ಲನ್ನೇ ಆರು ಸಲ ಎತ್ತಿಟ್ಟೆ. ಏಳೇ ಇಂಚು.

ಆಟೋಕ್ಯಾಡ್‌ನಲ್ಲಿ ಒಂದು ಸೌಕರ್ಯವಿದೆ: ಗೆರೆ ಎಷ್ಟೇ ಉದ್ದವಿರಲಿ, ಅದರ ಮೇಲಿನ ಅಂಕಿಯನ್ನು ಅಳಿಸಿ ಬೇರೆ ಅಂಕಿ ಟೈಪ್ ಮಾಡಬಹುದು. ದಾರಿ 2 ಅಡಿ 5 ಇಂಚು ಬಂದಲ್ಲಿ 3 ಎಂದು ಹಾಕಿದರೆ ಯಾರೂ ಟೇಪ್ ಹಿಡಿಯುವುದಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿಲ್ಲ. ಇವತ್ತೂ ಮಾಡಲಿಲ್ಲ. ಬೋರ್ಡ್ ಅಳಿಸಿದೆ.

29-1, ಸೋಮವಾರ.

ಸಾರ್‌ಗೆ ಪ್ಲಾನ್ ಹಿಡಿಸಿದೆ. "ಸೈನ್ ಹಾಕಿಸಿಕೊಂಡು ಬಡಗಿಗೆ ಕೊಡು." ಶುಕ್ರವಾರದಿಂದ ಪ್ರಿಂಟ್ ಭೋಜಣ್ಣನ ಹತ್ತಿರವೇ ಇತ್ತು. ಇವತ್ತು ಕೇಳಲು ಹೋದೆ. ಸ್ಕೇಲ್ ಇಟ್ಟು ನೋಡುತ್ತಿದ್ದರು.

"ಮೇಲೆ ಹತ್ತಿ ನೋಡಿದಿಯಾ ಅಮ್ಮಿ?"

"ಬೀಗ ಇತ್ತು ಭೋಜಣ್ಣ. ಕೆಳಗಿದ್ದದ್ದೇ ತಾನೆ ಮೇಲೆ."

"ಓ. ಶನಿವಾರ ತೆಗೆದಿದ್ದ ಅಲ್ಲವಾ, ಬೀಗ?"

"ಕೆಲಸ ಇತ್ತು."

ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಸರಿ. ಗೆರೆ ಒಳ್ಳೆಯದಾಗಿ ಬಂದಿದೆ," ಎಂದು ಸೈನ್ ಹಾಕಿದರು. ಬೋರ್ಡ್ ಎಲ್ಲಿ ಎಂದು ಕೇಳಲಿಲ್ಲ. ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ, ಏಳು ಇಂಚಿನ ಉತ್ತರ.

28-2, ಬುಧವಾರ.

ಭೋಜಣ್ಣನ ಕೊನೆಯ ದಿನ. ಪೆನ್ನುಗಳನ್ನು ತೊಳೆದು, ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿಕೊಂಡರು. ಬೋರ್ಡ್ ಆಫೀಸಿನದು. ಅವರು ಹೊರಟ ಕಾಲು ಗಂಟೆಗೆ ತಂಗಮಣಿ ಅದರ ಮೇಲೆ ಟೀ ಫ್ಲಾಸ್ಕ್ ಇಟ್ಟಳು.

"ಏನಕ್ಕಾ ಹಾಗೆ ನೋಡುತ್ತೀರಿ? ಸ್ವಾಮಿ ಪೀಠವಾ ಇದು?"

ಟೀ ಕುಡಿದೆ.

12-4, ಗುರುವಾರ. ಹೊಸ ಆಫೀಸು.

ಬಡಗಿ ಬೀರು ತಂದ. ಗೋಡೆಯಿಂದ ಗೋಡೆಗೆ ಕೂರಬೇಕಾದದ್ದು. ಕೂತಿತು, ಪಕ್ಕದಲ್ಲಿ ಒಂದು ಗೇಣು ಖಾಲಿ. ಬಡಗಿ ನಕ್ಕ: "ಬೆಕ್ಕಿಗೆ ದಾರಿ ಬಿಟ್ಟಿದ್ದೀರಾ, ಮೇಡಂ?"

ಟೇಪ್ ಹಿಡಿದೆ. ಮೇಲಿನ ಗೋಡೆ 18 ಅಲ್ಲ, 13½. ಆ ಕಾಲದವರು ಮೇಲೆ ಹೋದಂತೆ ಗೋಡೆ ತೆಳ್ಳಗೆ ಮಾಡುತ್ತಿದ್ದರು. ಹೊರಗಿನಿಂದ ಒಂದೇ ನೇರ, ಒಳಗೆ ಮಾತ್ರ ಹಿಂದೆ ಸರಿದಿರುತ್ತದೆ—ಮಹಡಿಯ ಮರದ ತೊಲೆಗಳು ಕೂರಲಿಕ್ಕೆ. ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದಿದ್ದೇನೆ. ಒಂದು ಕಡೆ ನಾಲ್ಕೂವರೆ, ಇನ್ನೊಂದು ಕಡೆ ನಾಲ್ಕೂವರೆ. ಒಂಬತ್ತು ಇಂಚು.

ಬೋರ್ಡಿಗೆ ಬೇಕಿದ್ದದ್ದು ಏಳು.

ಸಾರ್ ಪ್ರಿಂಟ್ ತರಿಸಿದರು. ಮೂಲೆಯ ಚೌಕ ನೋಡಿದರು. ಬರೆದವರು: ಕವಿತಾ. ಪರಿಶೀಲಿಸಿದವರು: ಭೋಜನ್. ಬೆರಳು ಎರಡನೆಯ ಹೆಸರಿನ ಮೇಲೆ ನಿಂತಿತು.

"ಪಾಪ, ಕಣ್ಣು ಹೋಗಿತ್ತು ಮುದುಕನಿಗೆ. ಕಳಿಸಿದ್ದು ಒಳ್ಳೆಯದೇ ಆಯಿತು."

ಪಕ್ಕದಲ್ಲಿ ನಿಂತಿದ್ದೆ. ಬಾಯಿತ್ತು. ಬಿಡಲಿಲ್ಲ.

15-4, ಭಾನುವಾರ.

ಭೋಜಣ್ಣನ ಊರು ನಂಜನಾಡಿಗೆ ಹೋದೆ. ಮನೆ ಪಕ್ಕದ ಕ್ಯಾರೆಟ್ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಏಳಲಿಲ್ಲ, ಪಕ್ಕದ ಬದುವಿನ ಮೇಲೆ ಕೂರಲು ಹೇಳಿದರು. ಎಲ್ಲ ಹೇಳಿದೆ. ನಡುವೆ ಒಮ್ಮೆಯೂ ತಲೆ ಎತ್ತಲಿಲ್ಲ.

"ಎನಗೆ ಗೊತ್ತು," ಎಂದರು.

"ಯಾವಾಗಿಂದ?"

"ಪ್ರಿಂಟ್ ಕಂಡಾಗಿಂದ. ಆ ಕಾಲದ ಕಟ್ಟಡ ಇಲ್ಲಿ ಎಷ್ಟು ಅಳೆದಿಲ್ಲೆ ನಾ? ಮೇಲೂ ಹದಿನೆಂಟು ಅಂದರೆ ನಂಬೋಕೆ ಆಗುತ್ತಾ?"

"ಗೊತ್ತಿದ್ದೂ ಸೈನ್ ಯಾಕೆ ಹಾಕಿದಿರಿ?"

ಕಳೆಯ ಬೇರಿನ ಮಣ್ಣು ಕೊಡವಿದರು. "ಶುಕ್ರವಾರ ನೋಡಿದೆ. ಶನಿವಾರ ನೋಡಿದೆ. ಸೋಮವಾರವೂ ನೋಡಿದೆ. ನೀ ಟೇಪ್ ತೆಕ್ಕೊಂಡು ಮೇಲೆ ಹತ್ತುತ್ತೀಯಾ ಅಂತ. ಹತ್ತಿಲ್ಲೆ."

ಆಮೇಲೆ: "ನಾನೇ ಹೇಳಬಹುದಿತ್ತು. ಒಂಬತ್ತು ಇಂಚು ಇದೆ ಸಾರ್, ಅದರಲ್ಲಿ ಎನ್ನ ಕೂರಿಸಿ ಅಂತ. ಇಪ್ಪತ್ತೊಂಬತ್ತು ವರ್ಷ ಆದ ಮೇಲೆ ಅದನ್ನೂ ಕೇಳಬೇಕಾ, ಅಮ್ಮಿ?"

ಸಾರ್‌ಗೆ ನಿಜ ಹೇಳುತ್ತೇನೆ ಎಂದೆ.

"ಬೇಡ. ಎನ್ನದು ಮುಗಿದದ್ದು. ನಿನ್ನದು ಯಾಕೆ ಕೆಡಿಸ್ಕೊಂತೀಯಾ? ಕೂನೂರಿನ ಕಾಂಟ್ರಾಕ್ಟರ್ ಒಬ್ಬ ಸೈಟ್ ನೋಡ್ಕೊಳ್ಳೋಕೆ ಕರೆದಿದ್ದಾನೆ. ಹೋಗ್ತೀನಿ. ಮನೆಯಲ್ಲಿ ಕೂತರೆ ಎನ್ನ ಹೆಂಡತಿ ದಿನವೂ ಕಳೆ ಕೀಳಿಸ್ತಾಳೆ."

ಮನೆಯೊಳಗಿಂದ ಆಕೆಯ ಧ್ವನಿ: "ಕೇಳಿಸ್ತು."

ಒಂದು ಚೀಲ ಕ್ಯಾರೆಟ್ ಕೊಟ್ಟರು. ಬೇಡ ಎನ್ನಲಾಗಲಿಲ್ಲ. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದೆ. ನನಗೆ ಕ್ಷಮೆ ಬೇಕಿತ್ತೋ, ಬೈಗುಳ ಬೇಕಿತ್ತೋ. ಎರಡೂ ಸಿಗಲಿಲ್ಲ. ಹೇಳಬೇಡ ಎಂದರಲ್ಲ ಎಂದು ಒಳಗೊಳಗೇ ಹಗುರವಾಗಿದ್ದು ಮಾತ್ರ ನಿಜ. ಅದನ್ನೂ ಬರೆದಿಡಬೇಕು.

17-4, ಮಂಗಳವಾರ. ಸಂಜೆ 7.

ಮಧ್ಯಾಹ್ನ ಕೂನೂರಿನ ಆ ಕಾಂಟ್ರಾಕ್ಟರನಿಂದ ಸಾರ್‌ಗೆ ಫೋನ್. ಹೊಸ ಕ್ಯಾಬಿನ್ನಿನದು ಪ್ಲೈವುಡ್ ಗೋಡೆ, ನಾನೇ ಬರೆದದ್ದು. ಪ್ರತಿ ಮಾತೂ ಕೇಳಿಸುತ್ತದೆ.

"ಭೋಜನ್? ಮನುಷ್ಯ ಒಳ್ಳೆಯವನು. ಆದರೆ ಕಣ್ಣು... ನಮ್ಮ ಆಫೀಸಿನ ಪ್ಲಾನೇ ಒಂಬತ್ತು ಇಂಚು ತಪ್ಪು, ಸೈನ್ ಹಾಕಿದ್ದಾನೆ. ಹೌದು, ಹೌದು, ಒಂಬತ್ತು. ಸೈಟಿನಲ್ಲಿ ಇಂಥವನನ್ನು... ನಿಮ್ಮಿಷ್ಟ." ನಗು. "ಸರಿ, ಬೇರೆ ಯಾರನ್ನಾದರೂ ನೋಡೋಣ. ನಾಳೆ ಸಂಜೆ ಹೇಳುತ್ತೇನೆ."

ನಾಲ್ಕು ಗಂಟೆಯಿಂದ ಆರರವರೆಗೆ ಒಂದು ಗೆರೆಯೂ ಎಳೆಯಲಿಲ್ಲ. ತಂಗಮಣಿ ಕೇಳಿದಳು: "ಸಿಸ್ಟಮ್ ಹ್ಯಾಂಗಾ, ಅಕ್ಕಾ?" ಹೌದು ಎಂದೆ.

ಭೋಜಣ್ಣ ಬೇಡ ಎಂದದ್ದು ಭಾನುವಾರ. ಆಗ ಅವರಿಗೆ ಹೋಗಲು ಒಂದು ಜಾಗವಿತ್ತು.

ನಾಳೆ ಮೊದಲ ಬಸ್. 9.30ಕ್ಕೆ, ಸಾರ್ ಕೂರುವ ಮೊದಲು, ಕ್ಯಾಬಿನ್ ಒಳಗಲ್ಲ—ಹಾಲ್‌ನಲ್ಲಿ, ತಂಗಮಣಿ ಮತ್ತು ಉಳಿದವರ ಎದುರಿಗೆ. ಹೇಳಿದ ಮೇಲೆ ಅಲ್ಲಿಂದಲೇ ಕೂನೂರಿಗೆ ಫೋನ್. ಸಾರ್ ಬೇಡವೆಂದರೆ ಕೆಳಗಿನ ಉಲ್ಲನ್ ಅಂಗಡಿಯಿಂದ. ನನ್ನ ಟೇಬಲ್ ಹೋದರೆ ಹೋಗಲಿ ಎಂದು ಬರೆಯಲು ಹೊರಟಿದ್ದೆ. ಹೋಗಲಿ ಎಂದು ನನಗೆ ಅನಿಸುತ್ತಿಲ್ಲ. ಆದರೂ ಹೇಳುತ್ತೇನೆ.

ತಮಿಳಿನಲ್ಲಿ ಹೇಳಬೇಕು. ಮೊದಲ ವಾಕ್ಯ ಮಾಡಿಕೊಂಡಿದ್ದೇನೆ: ಮೇಲೆ ಹತ್ತಿ ಅಳೆಯದೆ ಬರೆದವಳು ನಾನು, ಸಾರ್.

ಎರಡನೆಯದನ್ನು ನಾಳೆ ಬಸ್ಸಿನಲ್ಲಿ ಮಾಡಿಕೊಳ್ಳುತ್ತೇನೆ.